ಹಳೆಯ ಹಾಯಿದೋಣಿಯ ನಾಲ್ಕು ಕಿಟಕಿ, ನಾಲ್ಕು ಬಗೆಯ ಅಂಟು

ನಮ್ಮ ಕರಾವಳಿಯಲ್ಲಿ ದೋಣಿಯ ಕಿಟಕಿ ಸೋರುತ್ತಿದೆಯೆಂದು ತಿಳಿಯುವುದು ಜೂನ್‌ನಲ್ಲಿ. ಆದರೆ ಅದು ಕೆಡುವುದು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ. ಹೊಸದಾಗಿ ಹಚ್ಚಿದ ದಿನ ನೀರು ತಡೆಯದ ಅಂಟು ಬಹುಶಃ ಯಾವುದೂ ಇಲ್ಲ. ಮಧ್ಯಾಹ್ನ ಹಿಗ್ಗಿ ರಾತ್ರಿ ಕುಗ್ಗುವ ಪ್ಲಾಸ್ಟಿಕ್ ಹಾಳೆಯ ಜೊತೆ ದಿನದಿನವೂ ಬಾಗಿ ಬಳುಕುತ್ತಾ, ಕೈಬಿಡದೆ ಇರುವ ಅಂಟು ಯಾವುದು ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಬೇಕೆಂದೇ ನಾನು ಒಂದೇ ದೋಣಿಯ ನಾಲ್ಕು ಕಿಟಕಿಗಳಿಗೆ ನಾಲ್ಕು ವಿಧಾನ ಹಾಕಿದೆ.

ದೋಣಿ 26 ಅಡಿಯದು, ಫೈಬರ್‌ಗ್ಲಾಸ್, 1980ರ ದಶಕದಲ್ಲಿ ಕಟ್ಟಿದ್ದು. ಇರುವುದು ಮಲ್ಪೆಯ ತೆಂಕಣ ಬದಿ, ಉದ್ಯಾವರ ಹೊಳೆಯಲ್ಲಿ. ಮಳೆಗಾಲದಲ್ಲಿ ಪಡುಕೆರೆಯ ದಡಕ್ಕೆ ಎಳೆದು ತೆಂಗಿನ ಮರಗಳ ನಡುವೆ ನಿಲ್ಲಿಸುತ್ತೇವೆ. ಕ್ಯಾಬಿನ್ನಿನ ಎಡಕ್ಕೆರಡು, ಬಲಕ್ಕೆರಡು ಕಿಟಕಿ. ಒಂದೊಂದೂ ಹೆಚ್ಚುಕಮ್ಮಿ 70 ಸೆಂಟಿಮೀಟರ್ ಉದ್ದ, ಯಾವುದೂ ತೆರೆಯುವಂಥದ್ದಲ್ಲ. ಮೂಲದಲ್ಲಿ ಎಲ್ಲಕ್ಕೂ ಅಲ್ಯೂಮಿನಿಯಂ ಫ್ರೇಮು, ಒಳಗೆ ಕಂದುಬಣ್ಣದ ಅಕ್ರಿಲಿಕ್, ಎಂದರೆ ಗಾಜಿನಂತೆ ಆಚೆ ಕಾಣುವ ಪ್ಲಾಸ್ಟಿಕ್ ಹಾಳೆ. ಆ ಅಕ್ರಿಲಿಕ್ಕಿನ ಮೈತುಂಬ ಕೂದಲೆಳೆಯಂಥ ಬಿರುಕು ಬಂದು ಆಚೆ ಕಡೆಯ ತೆಂಗಿನ ಮರವೂ ಮಸುಕಾಗಿ ಕಾಣುತ್ತಿತ್ತು.

ಮೊದಲು ಹಾಳೆಯ ಆಯ್ಕೆ. ಮಲ್ಪೆಯಲ್ಲಿ ಯಾರನ್ನು ಕೇಳಿದರೂ ಟಫನ್ಡ್ ಗಾಜು (ಬಿಸಿ ಮಾಡಿ ಗಟ್ಟಿಗೊಳಿಸಿದ್ದು) ಹಾಕಿ, ರಬ್ಬರ್ ಬೀಡಿಂಗ್ ಕೊಡಿ ಎನ್ನುತ್ತಾರೆ. ಟ್ರಾಲರಿನ ವೀಲ್‌ಹೌಸಿಗೆ, ಎಂದರೆ ಚುಕ್ಕಾಣಿ ಕೋಣೆಗೆ, ಅದು ಸರಿಯಾದ ಮಾತೇ. ಅಲ್ಲಿ ಕಿಟಕಿ ನೀರಿನಿಂದ ಎಷ್ಟೋ ಎತ್ತರದಲ್ಲಿ, ನೆಟ್ಟಗೆ, ಚಪ್ಪಟೆಯಾಗಿ ಇರುತ್ತದೆ. ಹಾಯಿದೋಣಿ ಗಾಳಿಗೆ ವಾಲಿದಾಗ ಕೆಳಬದಿಯ ಕಿಟಕಿಯ ಮೇಲೇ ನೀರು ಹರಿಯುತ್ತದೆ. ಜೊತೆಗೆ ನಮ್ಮ ಕ್ಯಾಬಿನ್ನಿನ ಗೋಡೆಗೆ ಸಣ್ಣ ಬಾಗು ಇದೆ, ಚಪ್ಪಟೆ ಗಾಜು ಅದಕ್ಕೆ ಕೂರುವುದಿಲ್ಲ. ಟಫನ್ ಮಾಡಿದ ಮೇಲೆ ಗಾಜನ್ನು ಕೊರೆಯುವಂತಿಲ್ಲ, ಕತ್ತರಿಸುವಂತಿಲ್ಲ. ಅಳತೆ ಒಂದು ಕೂದಲು ತಪ್ಪಿದರೂ ಹೊಸ ಗಾಜೇ ಬೇಕು. ಹಾಗಾಗಿ ಗಾಜನ್ನು ಬಿಟ್ಟೆ.

ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಪಾರದರ್ಶಕ ಪ್ಲಾಸ್ಟಿಕ್ಕಿಗೆ ಒಡೆಯುವುದಿಲ್ಲ ಎಂಬ ಹೆಸರಿದೆ, ಅದು ಸುಳ್ಳಲ್ಲ. ಸುತ್ತಿಗೆಯಲ್ಲಿ ಬಡಿದರೂ ತಡೆದುಕೊಳ್ಳುತ್ತದೆ. ಆದರೆ ಅದು ಅಕ್ರಿಲಿಕ್‌ಗಿಂತ ಹೆಚ್ಚು ಬಾಗುತ್ತದೆ. ಅಲೆ ಬಡಿದಾಗ ಹಾಳೆ ಒಳಕ್ಕೆ ಉಬ್ಬಿ ಅಂಚಿನ ಅಂಟನ್ನು ಎಳೆಯುತ್ತದೆ. ಗೀರು ಬಹಳ ಬೇಗ ಬೀಳುತ್ತದೆ. ಬಿಸಿಲು ತಡೆಯುವ ಯುವಿ ಲೇಪನ ಸವೆದರೆ ಏನಾಗುತ್ತದೆ ಎಂದು ನೋಡಬೇಕಾದರೆ ಉಡುಪಿಯ ಯಾವುದಾದರೂ ಹಳೆಯ ಅಂಗಳದ ಚಾವಣಿಯತ್ತ ತಲೆಯೆತ್ತಿದರೆ ಸಾಕು, ಹಳದಿಗಟ್ಟಿ ಕೂತಿರುತ್ತದೆ. ಕ್ಯಾಬಿನ್ನಿನ ಬಾಗಿಲ ಹಲಗೆಗೆ ಮಾತ್ರ ನಾನು ಪಾಲಿಕಾರ್ಬೊನೇಟ್ ಹಾಕಿದ್ದೇನೆ. ಅಲ್ಲಿ ಕಾಲು, ಮೊಣಕೈ, ಲಂಗರಿನ ಸರಪಳಿ ಎಲ್ಲವೂ ತಾಗುತ್ತವೆ. ಗೀರು ಬಿದ್ದರೂ ಚಿಂತೆಯಿಲ್ಲ, ಬಿಚ್ಚಿ ಬದಲಿಸುವುದು ಸುಲಭ.

ನಾಲ್ಕು ಕಿಟಕಿಗೂ 10 ಮಿಲಿಮೀಟರ್ ದಪ್ಪದ ಕಾಸ್ಟ್ ಅಕ್ರಿಲಿಕ್ ಆಯ್ದುಕೊಂಡೆ. ಅಚ್ಚಿನಲ್ಲಿ ಎರಕ ಹೊಯ್ದ ಈ ಹಾಳೆ, ಯಂತ್ರದಿಂದ ಒತ್ತಿ ತೆಗೆದ ಎಕ್ಸ್‌ಟ್ರೂಡೆಡ್ ಹಾಳೆಗಿಂತ ಬಿರುಕನ್ನು ಚೆನ್ನಾಗಿ ತಾಳುತ್ತದೆ. ಕೊಳ್ಳುವಾಗ ಇದನ್ನು ಕೇಳಿ ಖಾತ್ರಿ ಮಾಡಿಕೊಳ್ಳಲೇಬೇಕು. ನಾಮಫಲಕ ಮಾಡುವ ಅಂಗಡಿಗಳಲ್ಲಿ ಅಕ್ರಿಲಿಕ್ ಸಿಗುತ್ತದೆ, ಲೇಸರಿನಲ್ಲಿ ಅಂದವಾಗಿ ಕತ್ತರಿಸಿಯೂ ಕೊಡುತ್ತಾರೆ. ದೋಣಿಗೆ ಆ ಲೇಸರ್ ಅಂಚು ಬೇಡ. ಲೇಸರಿನ ಬಿಸಿ ಅಂಚಿನಲ್ಲಿ ಬಿಗುವು ಉಳಿಸುತ್ತದೆ. ಆಮೇಲೆ ಸ್ಪಿರಿಟ್ ತಾಗಿದರೂ ಸಾಕು, ಅಲ್ಲಿಂದಲೇ ಸೂಕ್ಷ್ಮ ಬಿರುಕುಗಳು ಏಳುತ್ತವೆ. ಗರಗಸದಲ್ಲಿ ಕತ್ತರಿಸಿ, ರೌಟರಿನಲ್ಲಿ ಅಂಚು ತೆಗೆದು, ಉಜ್ಜುಕಾಗದದಲ್ಲಿ ನುಣುಪು ಮಾಡಿದ ಅಂಚೇ ಒಳ್ಳೆಯದು. ಅಕ್ರಿಲಿಕ್ಕಿಗೂ ಪಾಲಿಕಾರ್ಬೊನೇಟಿಗೂ ಅಸಿಟೋನ್, ಥಿನ್ನರ್ ತೋರಿಸಲೂ ಬಾರದು. ಪಾಲಿಸಲ್ಫೈಡ್ ಎಂಬ ಸಂದಿ ತುಂಬುವ ಅಂಟೂ ಇವಕ್ಕೆ ಆಗದು. ಮರದ ಡೆಕ್ಕಿನ ಸಂದಿಗೆ ಅದು ಒಳ್ಳೆಯ ವಸ್ತು, ಆದರೆ ಈ ಪ್ಲಾಸ್ಟಿಕ್‌ಗಳನ್ನು ಕೆಡಿಸುತ್ತದೆ.

ಇನ್ನು ಲೆಕ್ಕ. ಒಂದು ಮೀಟರ್ ಅಕ್ರಿಲಿಕ್ ಒಂದು ಡಿಗ್ರಿ ಬಿಸಿಗೆ ಸುಮಾರು 0.07 ಮಿಲಿಮೀಟರ್ ಹಿಗ್ಗುತ್ತದೆ. ಅಲ್ಯೂಮಿನಿಯಂ 0.023, ಗಾಜು 0.009. ಫೈಬರ್‌ಗ್ಲಾಸ್ ಅಕ್ರಿಲಿಕ್ಕಿನ ಅರ್ಧದಷ್ಟೂ ಹಿಗ್ಗುವುದಿಲ್ಲ. ಮುಂಜಾವಿನ ತಂಪಿನಿಂದ ಮೇ ತಿಂಗಳ ಮಧ್ಯಾಹ್ನದ ಹೊತ್ತಿಗೆ ಕಪ್ಪು ಛಾಯೆಯ ಹಾಳೆಯ ಬಿಸಿ 40 ಡಿಗ್ರಿ ಏರಿದರೆ, 70 ಸೆಂಟಿಮೀಟರಿನ ಕಿಟಕಿ ಹತ್ತಿರ ಹತ್ತಿರ 2 ಮಿಲಿಮೀಟರ್ ಉದ್ದವಾಗುತ್ತದೆ. ಅದರ ಸುತ್ತಲಿನ ಬಿಳಿ ಗೋಡೆ ಅಷ್ಟು ಬಿಸಿಯಾಗುವುದೂ ಇಲ್ಲ, ಅಷ್ಟು ಹಿಗ್ಗುವುದೂ ಇಲ್ಲ. ಈ ವ್ಯತ್ಯಾಸವನ್ನು ನುಂಗಬೇಕಾದದ್ದು ನಡುವಿನ ಅಂಟು. ಕಾಗದದಷ್ಟು ತೆಳುವಾದ ಪದರ ಅದನ್ನು ನುಂಗಲಾರದು, ಹರಿಯುತ್ತದೆ. ದಪ್ಪ ಪದರ ಓರೆಯಾಗಿ ಎಳೆದುಕೊಂಡು ಮತ್ತೆ ಸರಿಯಾಗುತ್ತದೆ. ಹಾಳೆಗೆ ತೂತು ಕೊರೆದು ಬೋಲ್ಟ್ ಬಿಗಿದರೆ ಈ ಚಲನೆಗೆ ದಾರಿಯೇ ಇಲ್ಲ, ಬಿರುಕು ತೂತಿನಿಂದಲೇ ಹೊರಡುತ್ತದೆ. ನಾಲ್ಕು ಕಿಟಕಿಯಲ್ಲಿ ಒಂದಕ್ಕೂ ನಾನು ಹಾಳೆಯ ಮೂಲಕ ಸ್ಕ್ರೂ ಹಾಕಲಿಲ್ಲ.

ಅಂಟುವ ಮೊದಲಿನ ಕೆಲಸ ನಾಲ್ಕಕ್ಕೂ ಒಂದೇ, ಹೆಚ್ಚಿನ ಹೊತ್ತು ತಿಂದದ್ದೂ ಅದೇ. ಅಲ್ಯೂಮಿನಿಯಮ್ಮಿನಲ್ಲಿ ಹೂತ ಸ್ಟೇನ್‌ಲೆಸ್ ಸ್ಕ್ರೂಗಳು ಉಪ್ಪುನೀರಿನಿಂದಾಗಿ ಬಿಳಿ ಹುಡಿ ಕಟ್ಟಿ ಬಿಗಿದುಕೊಂಡಿದ್ದವು. ಬಿಸಿಗಾಳಿ ಕೊಟ್ಟು, ಎಣ್ಣೆ ಬಿಟ್ಟು, ಒಂದು ದಿನ ಕಾದು ತಿರುಗಿಸಿದರೆ ಹೆಚ್ಚಿನವು ಬಂದವು. ಉಳಿದವನ್ನು ಕೊರೆದೇ ತೆಗೆಯಬೇಕಾಯಿತು. ಫ್ರೇಮು ತೆಗೆದಾಗ ಕಂಡ ಗೋಡೆಯ ಒಳಭಾಗ ನನ್ನನ್ನು ಕಿಟಕಿಗಿಂತ ಹೆಚ್ಚು ಕಾಡಿತು. ಎರಡು ಪದರ ಫೈಬರ್ ನಡುವೆ ಪ್ಲೈವುಡ್, ಕೆಳ ಅಂಚಿನಲ್ಲಿ ಅದು ಕಪ್ಪಾಗಿ ಮೆತ್ತಗಾಗಿತ್ತು. ಕೊಳೆತಷ್ಟನ್ನೂ ಕೆರೆದು, ಪೂರ್ತಿ ಒಣಗಿಸಿ, ಹುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿ ತುಂಬಿ ಅಂಚು ಮುಚ್ಚಿದೆ. ಯಾವ ಅಂಟು ಹಾಕಿದರೂ ಈ ಕೆಲಸವನ್ನು ಬಿಡಬಾರದು. ಮುಂದೆ ಕಿಟಕಿ ಸೋರಿದರೂ ನೀರು ನೆಲಕ್ಕೆ ಬೀಳಲಿ, ಗೋಡೆಯೊಳಗೆ ಹೋಗದಿರಲಿ.

ಹಿಂದಿನವರು ಹಚ್ಚಿದ್ದ ಸಿಲಿಕೋನಿನ ಕಲೆ ಉಳಿದಿದೆಯೋ ಇಲ್ಲವೋ ಎಂದು ತಿಳಿಯಲು ನೀರು ಚಿಮುಕಿಸಿ ನೋಡಬೇಕು. ನೀರು ಹಾಳೆಯಂತೆ ಹರಡಿದರೆ ಶುದ್ಧ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ನಿಂತರೆ ಮತ್ತೆ ಉಜ್ಜಬೇಕು.

ಹೊತ್ತು ಯಾವುದು ಎಂಬುದೂ ಮುಖ್ಯ. ಡಿಸೆಂಬರಿನಿಂದ ಫೆಬ್ರವರಿವರೆಗೆ ನಮ್ಮಲ್ಲಿ ಬೆಳಿಗ್ಗೆ ಇಬ್ಬನಿ, ಆಮೇಲೆ ಮೂಡಣದಿಂದ ಒಣ ನೆಲಗಾಳಿ, ಮಧ್ಯಾಹ್ನದ ಮೇಲೆ ಪಡುವಣದ ಕಡಲಗಾಳಿ. ಕಡಲಗಾಳಿ ಎದ್ದರೆ ಒರೆಸಿದ ಮೈಮೇಲೆ ಮತ್ತೆ ಉಪ್ಪಿನ ಪಸೆ ಕೂರುತ್ತದೆ. ಹಾಗಾಗಿ ಸಿಹಿನೀರಿನಲ್ಲಿ ತೊಳೆದು, ಇಬ್ಬನಿ ಆರಿದ ಮೇಲೆ, ಗಾಳಿ ತಿರುಗುವ ಮೊದಲು, ಎಂದರೆ ಒಂಬತ್ತರಿಂದ ಹನ್ನೆರಡರ ನಡುವೆ ಅಂಟಿಸಬೇಕು. ಆಗ ಹಾಳೆಯ ಬಿಸಿಯೂ ನಡುಮಟ್ಟದಲ್ಲಿರುತ್ತದೆ, ಹಿಗ್ಗಲೂ ಕುಗ್ಗಲೂ ಎರಡೂ ಕಡೆಗೆ ಜಾಗ ಉಳಿಯುತ್ತದೆ.

ಎಡ ಮುಂದಿನ ಕಿಟಕಿಗೆ ಹಳೆಯ ಫ್ರೇಮನ್ನೇ ತಿಕ್ಕಿ ತೊಳೆದು, ಫ್ರೇಮಿಗೂ ಗೋಡೆಗೂ ನಡುವೆ ಬ್ಯೂಟೈಲ್ ಟೇಪ್ ಹಾಕಿದೆ. ಇದು ಎಂದೂ ಗಟ್ಟಿಯಾಗದ ಅಂಟು, ಮುಗಿಸುವ ಆತುರವಿಲ್ಲ. ಒಮ್ಮೆಗೇ ಬಿಗಿಯದೆ, ಮಧ್ಯಾಹ್ನದ ಬಿಸಿಗೆ ಅದು ಮೆತ್ತಗಾದಾಗ ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಹೋಗಬೇಕು. ಹೊರಕ್ಕೆ ಉಕ್ಕಿದ್ದನ್ನು ಪ್ಲಾಸ್ಟಿಕ್ ಚೂರಿಯಲ್ಲಿ ಕತ್ತರಿಸಿದರಾಯಿತು. ಮಳೆಗಾಲ ಪೂರ್ತಿ ಒಂದು ಹನಿ ಬರಲಿಲ್ಲ. ಇದರ ಕೊರತೆಯೆಂದರೆ ಬೇಸಿಗೆಯಲ್ಲಿ ಅಂಚಿನಿಂದ ಇನ್ನಷ್ಟು ಉಕ್ಕಿ ಧೂಳು ಹಿಡಿದು ಕಪ್ಪಾಗುತ್ತದೆ, ಡೀಸೆಲ್ ತಾಗಿದರೆ ಕರಗುತ್ತದೆ. ಅದಕ್ಕೆ ಹಿಡಿತದ ಬಲವೂ ಇಲ್ಲ. ಫ್ರೇಮು, ಸ್ಕ್ರೂ ಇದ್ದಲ್ಲಿ ಮಾತ್ರ ಇದರ ಕೆಲಸ. ಒಂದು ಎಚ್ಚರ: ತಗಡು ಚಾವಣಿ ಹಾಕುವವರ ಅಂಗಡಿಯಲ್ಲಿ ಬಿಟುಮಿನ್ ಟೇಪೂ ಇದರ ಪಕ್ಕದಲ್ಲೇ ಇರುತ್ತದೆ. ಟಾರಿನ ವಾಸನೆ ಬಂದರೆ ಅದು ಬ್ಯೂಟೈಲ್ ಅಲ್ಲ, ಬಿಸಿಲಿಗೆ ಗೋಡೆಯ ಮೇಲೆ ಇಳಿಯುತ್ತದೆ.

ಎಡ ಹಿಂದಿನದಕ್ಕೂ ಅಂಥದೇ ಫ್ರೇಮು, ಆದರೆ ಟೇಪಿನ ಬದಲು ಸಾಧಾರಣ ನ್ಯೂಟ್ರಲ್ ಸಿಲಿಕೋನ್. ವಿನಿಗರ್ ವಾಸನೆಯ ಸಿಲಿಕೋನನ್ನು ನಾನು ಪರಿಗಣಿಸಲೇ ಇಲ್ಲ, ಅದರ ಆಮ್ಲ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ನಾಲ್ಕರಲ್ಲಿ ಅತಿ ಸುಲಭವಾದದ್ದು, ಅಗ್ಗದ್ದು, ಬೇಗ ಮುಗಿದದ್ದು ಇದೇ. ಮೊದಲ ಮಳೆಗಾಲ ಚೆನ್ನಾಗಿಯೇ ಕಳೆಯಿತು. ಮುಂದಿನ ಬೇಸಿಗೆ ದಾಟಿ ಮೇ ಕೊನೆಯ ಗುಡುಗು ಮಳೆ ಬಂದಾಗ ಸೋರಿಕೆ ತಿಳಿಯಲೆಂದು ಒಳಗೆ ಕೆಳಗಿನ ಮೂಲೆಗೆ ಅಂಟಿಸಿದ್ದ ಟಿಶ್ಯೂ ಕಾಗದ ಒದ್ದೆಯಾಗಿತ್ತು. ಬಿಗಿದ ಫ್ರೇಮಿನಡಿ ಸಿಲಿಕೋನ್ ತೆಳ್ಳಗೆ ಹಿಂಡಿಹೋಗಿ, ಚಲನೆಗೆ ಜಾಗವಿಲ್ಲದೆ ಸಿಪ್ಪೆಯಂತೆ ಎದ್ದಿತ್ತು. ಸಿಲಿಕೋನಿನ ಮೇಲೆ ಹೊಸ ಸಿಲಿಕೋನೂ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ತೇಪೆ ಹಾಕುವಂತಿಲ್ಲ, ಪೂರ್ತಿ ಬಿಚ್ಚಬೇಕು. ನಾಲ್ಕರಲ್ಲಿ ನಾನು ಬೇಡವೆನ್ನುವುದು ಇದೊಂದನ್ನೇ.

ಬಲಬದಿಯ ಎರಡಕ್ಕೂ ಫ್ರೇಮು ಕಳಚಿ, ತೆರಪಿಗಿಂತ ದೊಡ್ಡದಾಗಿ ಕತ್ತರಿಸಿದ ಹಾಳೆಯನ್ನು ಹೊರಗಿನಿಂದಲೇ ಗೋಡೆಗೆ ಅಂಟಿಸಿದೆ. ಅಲೆ ಹೊಡೆದರೂ ಹಾಳೆ ಗೋಡೆಯ ಮೇಲೆಯೇ ಒತ್ತಿಕೊಳ್ಳುತ್ತದೆ, ಒಳಕ್ಕೆ ಬೀಳುವುದಿಲ್ಲ. ಮುಂದಿನದಕ್ಕೆ ಪಾಲಿಯುರೆಥೇನ್, ಪ್ಲಾಸ್ಟಿಕ್ ಕಿಟಕಿಗಳಿಗೆಂದೇ ಬರುವ ಸಿಕಾಫ್ಲೆಕ್ಸ್ 295 ಯುವಿ, ಅಂಟಿಗೆ ಮುನ್ನ ಹಚ್ಚುವ ಅದರ ಕಪ್ಪು ಪ್ರೈಮರಿನ ಜೊತೆ. ಪ್ರೈಮರ್ ಬಿಟ್ಟರೆ ಈ ಅಂಟಿಗೆ ಅರ್ಥವಿಲ್ಲ. ಪಾರದರ್ಶಕ ಹಾಳೆಯ ಮೂಲಕ ಬಿಸಿಲು ನೇರವಾಗಿ ಅಂಟಿನ ಹಿಡಿತದ ಮೇಲೆ ಬೀಳುವುದರಿಂದ ಅಂಚನ್ನು ಮರೆಮಾಡಲೇಬೇಕು. ಇದು ಗಾಳಿಯ ತೇವದಿಂದ ಗಟ್ಟಿಯಾಗುವ ಅಂಟು. ನಮ್ಮ ಕರಾವಳಿಯ ತೇವಕ್ಕೆ ಮೇಲೆ ಕೆನೆ ಬಹಳ ಬೇಗ ಕಟ್ಟುತ್ತದೆ, ಬೆರಳಾಡಿಸಿ ಅಂಚು ಸರಿಪಡಿಸಲು ಹೊತ್ತೇ ಸಿಗುವುದಿಲ್ಲ. ಇಬ್ಬರು ಇರಲೇಬೇಕು. ಪದರದ ದಪ್ಪ ಉಳಿಯಲೆಂದು ನಡುನಡುವೆ ರಬ್ಬರ್ ತುಂಡುಗಳನ್ನು ಇಟ್ಟಿದ್ದೆ. ಇಂದಿಗೂ ಸೋರಿಲ್ಲ. ಕೊಳ್ಳುವಾಗ ಟ್ಯೂಬಿನ ಅವಧಿ ದಿನಾಂಕ ನೋಡಿಕೊಳ್ಳಿ. ಬಿಸಿಲೂರಿನ ಗೋದಾಮಿನಲ್ಲಿ ಕೂತ ಟ್ಯೂಬು ಒಳಗೇ ಗಟ್ಟಿಯಾಗಿರುವುದುಂಟು.

ಬಲ ಹಿಂದಿನದೇ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು. ಹಾಳೆಯ ಸುತ್ತ ಒಳಸಾಲಿನಲ್ಲಿ ತ್ರೀಎಮ್‌ನ ವಿಎಚ್‌ಬಿ ಎಂಬ ಎರಡೂ ಬದಿ ಅಂಟುವ ಟೇಪ್, ಅದರ ಹೊರಗೆ ಅಂಚಿನವರೆಗೆ ಡೌ 795 ಸ್ಟ್ರಕ್ಚರಲ್ ಸಿಲಿಕೋನ್. ಎತ್ತರದ ಕಟ್ಟಡಗಳ ಗಾಜಿನ ಮೈಯನ್ನು ಹಿಡಿದು ನಿಲ್ಲಿಸುವ ಜಾತಿಯ ಸಿಲಿಕೋನ್ ಇದು, ಸಂದಿಯ ಅಗಲದ ಅರ್ಧದಷ್ಟು ಹಿಗ್ಗಿದರೂ ಕುಗ್ಗಿದರೂ ತಾಳುತ್ತದೆ. ಸುಮಾರು 1 ಮಿಲಿಮೀಟರ್ ದಪ್ಪದ ಟೇಪು ಎರಡು ಕೆಲಸ ಮಾಡುತ್ತದೆ: ಅಂಟಿದ ಕ್ಷಣದಿಂದ ಹಾಳೆಯನ್ನು ಹಿಡಿಯುತ್ತದೆ, ಸಿಲಿಕೋನ್ ಹಿಂಡಿಹೋಗದಂತೆ ಅಂತರವನ್ನೂ ಕಾಯುತ್ತದೆ. ಎಡ ಹಿಂದಿನ ಕಿಟಕಿಯಲ್ಲಿ ಸಿಲಿಕೋನಿಗೆ ಇಲ್ಲದೆ ಹೋದದ್ದು ಇದೇ ಅಂತರ. ಪ್ರೈಮರಿನ ರಗಳೆಯಿಲ್ಲ, ಬಿಸಿಲಿಗೆ ಸಿಲಿಕೋನ್ ಜಗ್ಗುವುದಿಲ್ಲ. ಆದರೆ ಟೇಪು ತಾಗಿದ ಮೇಲೆ ಸರಿಸುವಂತಿಲ್ಲ, ಆದ್ದರಿಂದ ಪೆನ್ಸಿಲ್ ಗೆರೆ ಎಳೆದು, ಕೆಳಗೆ ಮರದ ತುಂಡು ಆಧಾರ ಕೊಟ್ಟು, ಒಣ ಹಾಳೆಯಲ್ಲೇ ಕೂರಿಸಿ ನೋಡಿ ಖಾತ್ರಿಯಾದ ಮೇಲೆಯೇ ಕಾಗದ ಸುಲಿಯಬೇಕು. ಗಟ್ಟಿಯಾಗಿ ಒತ್ತಬೇಕು, ಟೇಪು ಪೂರ್ಣ ಬಲಕ್ಕೆ ಬರಲು 72 ಗಂಟೆ ಬೇಕು, ಸಿಲಿಕೋನಿಗೆ ವಾರಕ್ಕೂ ಹೆಚ್ಚು. ಅಷ್ಟು ದಿನ ದೋಣಿ ಹೊರಡಿಸಬಾರದು. ಗೋಡೆಯಲ್ಲಿ ಉಬ್ಬುತಗ್ಗು ಇದ್ದರೆ ಮೊದಲು ಫಿಲ್ಲರ್ ಹಾಕಿ ಸಮಮಾಡಬೇಕು, ಟೇಪು ತಗ್ಗಿಗೆ ತುಂಬಿಕೊಳ್ಳುವುದಿಲ್ಲ.

ಸೋರಿಕೆ ಹುಡುಕಲು ನನಗೆ ಒಗ್ಗಿದ ರೀತಿ ಸರಳ. ಒಳಗೆ ಕಿಟಕಿಯ ಸುತ್ತ ಟಿಶ್ಯೂ ಕಾಗದ ಅಂಟಿಸಿ, ಹೊರಗೆ ಕೆಳ ಅಂಚಿನಿಂದ ಮೇಲಕ್ಕೆ ನಿಧಾನವಾಗಿ ಪೈಪಿನ ನೀರು ಬಿಡುವುದು. ಮೇಲಿನಿಂದ ಬಿಟ್ಟರೆ ನೀರು ಎಲ್ಲೆಡೆ ಇಳಿದು ಯಾವ ಮೂಲೆ ತಪ್ಪಿತಸ್ಥ ಎಂದು ತಿಳಿಯದು. ಒಳಗಿನ ಬಟ್ಟೆ ಹೊದಿಕೆಯನ್ನೂ ತೆಗೆದಿರಬೇಕು, ನೀರು ಅದರ ಹಿಂದೆ ಎಲ್ಲೋ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಪೈಪಿನ ಪರೀಕ್ಷೆ ಗೆದ್ದದ್ದನ್ನು ಆಮೇಲೆ ಮುಂಗಾರೇ ಪರೀಕ್ಷಿಸುತ್ತದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮೀರಿ, ಅದೂ ಪಡುಗಾಳಿಯೊಡನೆ ಅಡ್ಡಡ್ಡ ಬಡಿಯುವ ಮಳೆಗಿಂತ ಕಠಿಣ ಪರೀಕ್ಷೆ ದೋಣಿಯ ಕಿಟಕಿಗೆ ಬೇರೆ ಬೇಕಿಲ್ಲ.

ಫ್ರೇಮು ಗಟ್ಟಿಯಾಗಿದ್ದರೆ ಬ್ಯೂಟೈಲ್ ಸಾಕು. ಖರ್ಚು ಕಡಿಮೆ, ಹತ್ತು ವರ್ಷದ ನಂತರ ಬಿಚ್ಚುವವರಿಗೂ ಶಾಪ ಹಾಕುವ ಕಾರಣವಿರುವುದಿಲ್ಲ. ಫ್ರೇಮು ತುಕ್ಕು ತಿಂದು ಬಾಗಿದ್ದರೆ ವಿಎಚ್‌ಬಿ ಮತ್ತು 795. ವಸ್ತುಗಳು ಕೈಗೆ ಸಿಕ್ಕಿ, ಪಳಗಿದ ಕೈ ಜೊತೆಗಿದ್ದರೆ ಪಾಲಿಯುರೆಥೇನಿನ ವಿರುದ್ಧ ನನ್ನದೇನೂ ಮಾತಿಲ್ಲ, ಆದರೆ ಅದನ್ನು ಮುಂದೊಮ್ಮೆ ಬಿಚ್ಚಲು ತಂತಿಯಲ್ಲಿ ಗರಗಸದಂತೆ ಕೊಯ್ಯಬೇಕಾಗುತ್ತದೆ ಎಂಬುದು ನೆನಪಿರಲಿ. ಎಡ ಹಿಂದಿನ ಕಿಟಕಿಯನ್ನು ನಾನು ಈ ಡಿಸೆಂಬರಿನಲ್ಲಿ ಬಿಚ್ಚುತ್ತೇನೆ. ಅದರ ಫ್ರೇಮು ಇನ್ನೂ ನೆಟ್ಟಗಿದೆ, ಹಾಗಾಗಿ ಸಿಲಿಕೋನಿನ ಕೊನೆಯ ಕಲೆಯವರೆಗೂ ಉಜ್ಜಿ ತೆಗೆದು ಬ್ಯೂಟೈಲ್ ಹಾಕುವುದೆಂದು ತೀರ್ಮಾನಿಸಿದ್ದೇನೆ.