ಹಲ್ಲಿನ ಡಿಜಿಟಲ್ ಎಕ್ಸ್‌ರೇ: ಮಷೀನಿಗೆ 4, ಬಳಸಿದ ರೀತಿಗೆ 2

ಆರ್‌ವಿಜಿ ಅಂದರೆ ಹಲ್ಲಿನ ಡಿಜಿಟಲ್ ಎಕ್ಸ್‌ರೇ ಮಷೀನಿಗೆ 5ಕ್ಕೆ 4 ಕೊಡುತ್ತೇನೆ, ಅದನ್ನು ಬಳಸಿದ ರೀತಿಗೆ 2. ಕ್ಲಿನಿಕ್ ಮೈಸೂರಿನದು, ಹೆಸರು ಬೇಡ. ಅಮ್ಮನಿಗೆ ಶುಗರ್ ಇದೆ. ಕೆಳಗಿನ ದವಡೆ ಹಲ್ಲೊಂದು ಅಲ್ಲಾಡುತ್ತಿತ್ತು, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಮೂಳೆ ಎಷ್ಟು ಕರಗಿದೆ ಅಂತ ನೋಡಬೇಕು, ಎಕ್ಸ್‌ರೇ ತೆಗೆಸಿ ಅಂದರು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಫಿಲ್ಮ್ ಬದಲು ವೈರ್ ಇರುವ ಪುಟ್ಟ ಸೆನ್ಸರನ್ನು ಬಾಯೊಳಗೆ ಇಡುತ್ತಾರೆ, ಕೆಲವೇ ಸೆಕೆಂಡಿನಲ್ಲಿ ಚಿತ್ರ ಮಾನಿಟರ್ ಮೇಲೆ ಬರುತ್ತದೆ. ತೊಳೆಯುವುದು, ಒಣಗಿಸುವುದು ಏನೂ ಇಲ್ಲ. ಹಳೆಯ ಫಿಲ್ಮಿಗಿಂತ ವಿಕಿರಣವೂ ಕಡಿಮೆ. ಸೆನ್ಸರ್ ಮಾತ್ರ ದಪ್ಪ, ಗಟ್ಟಿ. ಹಿಂದಿನ ಹಲ್ಲಿಗೆ ಇಟ್ಟಾಗ ಅಮ್ಮನಿಗೆ ವಾಕರಿಕೆ ಬಂತು.

ತಕರಾರು ಶುರುವಾಗುವುದು "ಡಿಜಿಟಲ್ ಅಲ್ವಾ ಅಮ್ಮ, ಎಲ್ಲಾ ಪಕ್ಕಾ ಕಾಣುತ್ತೆ" ಅನ್ನುವ ಮಾತಿನಿಂದ. ಎಲ್ಲಾ ಕಾಣುವುದಿಲ್ಲ. ಮೂಳೆಯ ಮಟ್ಟ ಅಳೆಯುವ ವಿಷಯದಲ್ಲಿ ಒಳ್ಳೆಯ ಫಿಲ್ಮಿಗೂ ಒಳ್ಳೆಯ ಡಿಜಿಟಲ್ ಚಿತ್ರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಬಣ್ಣ ಬದಲಿಸಿ, ಕಾಂಟ್ರಾಸ್ಟ್ ಏರಿಸಿ, ಝೂಮ್ ಮಾಡಿ ತೋರಿಸಿದರೆ ನೋಡಲು ಜೋರಾಗಿರುತ್ತದೆ, ಆದರೆ ಸೆನ್ಸರಿಗೆ ಬೀಳದೇ ಇದ್ದದ್ದು ಝೂಮ್ ಮಾಡಿದರೆ ಎಲ್ಲಿಂದ ಬರಬೇಕು?

ಎರಡು ಹಲ್ಲುಗಳ ನಡುವಿನ ಮೂಳೆ ಈ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಆರೋಗ್ಯ ಸರಿ ಇದ್ದರೆ ಎನಾಮಲ್ (ಹಲ್ಲಿನ ಹೊರಗಿನ ಗಟ್ಟಿ ಬಿಳಿ ಪದರ) ಮುಗಿಯುವ ಗೆರೆಯಿಂದ ಸುಮಾರು 1-2 ಮಿಮೀ ಕೆಳಗೆ ಮೂಳೆಯ ಅಂಚು ಇರುತ್ತದೆ. ಕೆನ್ನೆಯ ಕಡೆ, ನಾಲಿಗೆಯ ಕಡೆ ಇರುವ ಮೂಳೆ ಹಲ್ಲಿನ ಹಿಂದೆ ಮುಂದೆ ಮುಚ್ಚಿಹೋಗುತ್ತದೆ, ಅಲ್ಲಿ ಗುಂಡಿ ಬಿದ್ದಿದ್ದರೂ ಗೊತ್ತಾಗದೇ ಹೋಗಬಹುದು. ಮೇಲಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು, ಅವು ಕವಲೊಡೆಯುವ ಜಾಗದಲ್ಲಂತೂ ಒಂದರ ಮೇಲೊಂದು ಬಿದ್ದು ಇನ್ನೂ ಗೊಂದಲ. ಇನ್ನೊಂದು, ಮೂಳೆಯ ಖನಿಜ ಸುಮಾರು 30ರಿಂದ 50% ಹೋದ ಮೇಲೇ ಎಕ್ಸ್‌ರೇಯಲ್ಲಿ ಕಣ್ಣಿಗೆ ಬೀಳುವುದು. ಹಾಗಾಗಿ ಎಕ್ಸ್‌ರೇ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ನಷ್ಟವನ್ನೇ ತೋರಿಸುತ್ತದೆ.

ಕೋನದ ಕಥೆ ಬೇರೆ. ಬಿಸಿಲು ಓರೆಯಾದಾಗ ನೆರಳು ಉದ್ದವಾಗುವ ಹಾಗೆ, ಎಕ್ಸ್‌ರೇ ಬಿಡುವ ಟ್ಯೂಬ್ ಸ್ವಲ್ಪ ಓರೆಯಾದರೂ ಮೂಳೆಯ ಅಂಚು ಮೇಲೆಯೋ ಕೆಳಗೋ ಸರಿದಂತೆ ಕಾಣುತ್ತದೆ. ಅದಕ್ಕೇ ಸೆನ್ಸರಿಗೆ ಹೋಲ್ಡರ್ ಇರುವುದು. ಈ ಕ್ಲಿನಿಕ್ಕಿನಲ್ಲಿ ಅಮ್ಮನಿಗೇ "ಬೆರಳಲ್ಲಿ ಹಿಡ್ಕೊಳ್ಳಿ" ಅಂದರು. ಚಿತ್ರದಲ್ಲಿ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು, ನಡುವಿನ ಮೂಳೆಯೇ ಕಾಣಲಿಲ್ಲ. ಅದನ್ನೇ ನೋಡಿ "ಅರ್ಧ ಮೂಳೆ ಹೋಗಿದೆ, ತೆಗೆಸಿ ಇಂಪ್ಲಾಂಟ್ ಹಾಕಿಸಿ" ಅಂದುಬಿಟ್ಟರು! ಪ್ರೋಬ್ (ಮಿಮೀ ಗುರುತಿರುವ ತೆಳು ಕಡ್ಡಿ) ಹಾಕಿ ವಸಡು ಹಲ್ಲಿನಿಂದ ಎಷ್ಟು ಆಳ ಬಿಟ್ಟಿದೆ ಅಂತ ನೋಡಲೇ ಇಲ್ಲ.

ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಏನಂತೆ ಅಂತ ಕೇಳಬಹುದು. 2018ರಲ್ಲಿ ಪ್ರಕಟವಾದ ವಸಡು ರೋಗದ ಹೊಸ ವರ್ಗೀಕರಣದಲ್ಲಿ ಬೇರಿನ ಉದ್ದದ 15%ಗಿಂತ ಕಡಿಮೆ ಮೂಳೆ ಹೋಗಿದ್ದರೆ ಮೊದಲ ಹಂತ, 15ರಿಂದ 33% ಆದರೆ ಎರಡನೆಯದು, ಅದಕ್ಕಿಂತ ಜಾಸ್ತಿಯಾದರೆ ಮೂರು ಅಥವಾ ನಾಲ್ಕು. ಬೇರು 12 ಮಿಮೀ ಅಂದುಕೊಂಡರೆ 15% ಅಂದರೆ 2 ಮಿಮೀಯೂ ಇಲ್ಲ, 33% ಅಂದರೆ ಸುಮಾರು 4. ಓರೆ ಚಿತ್ರ ಒಂದು ಮಿಮೀ ಸುಳ್ಳು ಹೇಳಿದರೂ ಹಂತವೇ ಬದಲಾಗಬಹುದು.

ಆಮೇಲೆ ಒಂದು ಡೆಂಟಲ್ ಕಾಲೇಜಿನ ಪೆರಿಯೋ (ವಸಡು ರೋಗದ) ವಿಭಾಗಕ್ಕೆ ಹೋದೆವು. ಕಾಯಬೇಕಾಯಿತು, ಬೆಂಚೂ ಅಷ್ಟಕ್ಕಷ್ಟೆ. ಕೆಲಸ ಮಾತ್ರ ಸೊಗಸು. ಪ್ರತಿ ಹಲ್ಲಿಗೆ ಆರು ಕಡೆ ಪ್ರೋಬ್ ಇಟ್ಟು ಆಳ ಬರೆದುಕೊಂಡರು, ಹೋಲ್ಡರ್ ಇಟ್ಟು ಬೈಟ್‌ವಿಂಗ್ (ಹಲ್ಲು ಕಚ್ಚಿ ಹಿಡಿದು ತೆಗೆಸುವ ಎಕ್ಸ್‌ರೇ) ತೆಗೆದರು. ಮೊದಲ ಚಿತ್ರದಲ್ಲಿ ಸುಳಿವೇ ಇಲ್ಲದ ಒಂದು ಆಳವಾದ ಪಾಕೆಟ್ (ವಸಡು ಹಲ್ಲಿನಿಂದ ಬಿಟ್ಟು ಆದ ಸಂದು) ನಾಲಿಗೆಯ ಕಡೆ ಸಿಕ್ಕಿತು. ಹಲ್ಲು ಕೀಳುವ ಮಾತು ಸದ್ಯಕ್ಕೆ ಬೇಡ, ವಸಡಿನ ಒಳಗಿನ ಕ್ಲೀನಿಂಗ್ ಮಾಡಿ, ಶುಗರ್ ಹಿಡಿತಕ್ಕೆ ತಂದು ಮತ್ತೆ ಅಳೆಯೋಣ ಅಂದರು.

ಓಪಿಜಿ ಅನ್ನುವ ದೊಡ್ಡ ಎಕ್ಸ್‌ರೇ ಬಗ್ಗೆಯೂ ಒಂದು ಮಾತು. ಪೂರ್ತಿ ದವಡೆ ಒಂದೇ ಚಿತ್ರದಲ್ಲಿ ಬರುತ್ತದೆ, ಒಟ್ಟಾರೆ ನೋಡಲು ಚೆನ್ನ. ಆದರೆ ಚಿತ್ರ ಹಿಗ್ಗಿರುತ್ತದೆ, ಮುಂದಿನ ಹಲ್ಲುಗಳ ಮೇಲೆ ಕುತ್ತಿಗೆ ಮೂಳೆಯ ನೆರಳು ಬೀಳುತ್ತದೆ. ಮಿಲಿಮೀಟರ್ ಲೆಕ್ಕಕ್ಕೆ ಅದನ್ನು ನಂಬಬೇಡಿ. ಸಿಬಿಸಿಟಿ ಅನ್ನುವ 3ಡಿ ಸ್ಕ್ಯಾನಿನಲ್ಲಿ ಸುತ್ತಲಿನ ಮೂಳೆ ಕಾಣುತ್ತದೆ ನಿಜ. ವಿಕಿರಣವೂ ಖರ್ಚೂ ಜಾಸ್ತಿ, ಸುಮ್ನೆ ಎಲ್ಲರಿಗೂ ಬರೆಯುವಂಥದ್ದಲ್ಲ.

ಹಾಂ, ಫೈಲ್ ಕೇಳಿದಾಗ ಆ ಕ್ಲಿನಿಕ್‌ನವರು ಮಾನಿಟರಿನ ಫೋಟೋ ಹೊಡೆದು ವಾಟ್ಸಾಪಿಗೆ ಕಳಿಸಿದರು. ಈಗಿನ ಚಿತ್ರವನ್ನು ಮುಂದಿನ ವರ್ಷದ್ದರ ಪಕ್ಕ ಇಟ್ಟು ನೋಡಬಹುದು ಅನ್ನುವುದೇ ಡಿಜಿಟಲ್‌ನ ದೊಡ್ಡ ಲಾಭ, ಮಸುಕು ಫೋಟೋ ಇಟ್ಟುಕೊಂಡು ಏನು ಹೋಲಿಸುವುದು? ಮೂಲ ಫೈಲೇ ಬೇಕು ಅಂತ ಎರಡನೇ ಸಲ ಕೇಳಿದ ಮೇಲೆ ಮೇಲ್ ಮಾಡಿದರು. ನೀವು ಬಿಲ್ ಕಟ್ಟುವ ಮೊದಲೇ ಕೇಳಿ.