ಗೇಟಿನಲ್ಲೇ ತಡೆಯದಿದ್ದರೆ: ಮಹಡಿಯನ್ನು ದಿನಬಾಡಿಗೆಗೆ ಕೊಡುವವರಿಗೆ ಒಂದು ಎಚ್ಚರಿಕೆ

ಜಯನಗರದ ನಮ್ಮ ಮನೆಯ ಮೊದಲ ಮಹಡಿಯನ್ನು ಎರಡು ವರ್ಷಗಳ ಕಾಲ ಒಂದು ಆ್ಯಪ್‌ನ ಮೂಲಕ ದಿನಬಾಡಿಗೆಗೆ ಕೊಡುತ್ತಿದ್ದ ನಾನು, 2024ರ ಮಾರ್ಚ್ 29ರ ರಾತ್ರಿ ಅಲ್ಲಿ ನಡೆದದ್ದನ್ನು ಇಷ್ಟು ದಿನ ಬರೆಯದೆ ಉಳಿದಿದ್ದೆ. ಮಕ್ಕಳು ಬೇರೆ ಊರಿಗೆ ಹೋದ ಮೇಲೆ ಖಾಲಿ ಬಿದ್ದಿರುವ ಮಹಡಿಯನ್ನು ನಮ್ಮ ಸಾಲಿನಲ್ಲೇ ಇನ್ನೂ ಮೂರು ಮನೆಯವರು ಹೀಗೆ ಕೊಡಲು ಹೊರಟಿದ್ದಾರೆಂದು ತಿಳಿದ ಮೇಲೆ, ಸುಮ್ಮನಿರುವುದು ಸರಿಯಲ್ಲವೆನಿಸಿತು.

ನಮ್ಮಲ್ಲಿಗೆ ಬಂದವರಲ್ಲಿ ಬಹುಪಾಲು ಜನ ಒಳ್ಳೆಯವರೇ ಎಂಬುದನ್ನು ಮೊದಲು ಹೇಳಬೇಕು. ಜಯದೇವ ಹೃದ್ರೋಗ ಸಂಸ್ಥೆಗೋ ಕಿದ್ವಾಯಿ ಆಸ್ಪತ್ರೆಗೋ ಮನೆಯ ಹಿರಿಯರನ್ನು ತೋರಿಸಲು ಹಾಸನ, ಶಿವಮೊಗ್ಗ, ಕಲಬುರಗಿಗಳಿಂದ ಬಂದವರು, ಮದುವೆಗೆಂದು ಬಂದು ಛತ್ರದಲ್ಲಿ ಜಾಗ ಸಾಲದೆ ಹೋದವರು, ಪರೀಕ್ಷೆ ಬರೆಯಲು ಮಗಳನ್ನು ಕರೆತಂದ ತಂದೆತಾಯಂದಿರು. ಇವರಲ್ಲಿ ಹಲವರು ಹೊರಡುವಾಗ ಹೊದಿಕೆಗಳನ್ನು ಮಡಿಸಿಟ್ಟು, ಅಡುಗೆಮನೆಯ ಕಟ್ಟೆ ಒರೆಸಿ, ಕೆಳಗೆ ಬಂದು ನಮ್ಮ ಅತ್ತೆಯವರಿಗೆ ನಮಸ್ಕಾರ ಮಾಡಿ ಹೋಗುತ್ತಿದ್ದರು. ಆ ಒಳ್ಳೆಯತನವೇ ನನ್ನನ್ನು ಮೈಮರೆಸಿತು. ನಾಲ್ವರಿಗಿಂತ ಹೆಚ್ಚು ಜನ ಇರಬಾರದು, ರಾತ್ರಿ ಹತ್ತರ ನಂತರ ಹಾಡು ಹಾಕಬಾರದು, ಕೈತೋಟದ ಪೈಪನ್ನು ಮುಟ್ಟಬಾರದು, ಹಸಿ ಕಸ ಒಣ ಕಸ ಬೇರೆ ಮಾಡಬೇಕು ಎಂಬ ನಿಯಮಗಳನ್ನು ಆ್ಯಪ್‌ನಲ್ಲಿಯೂ ಬಾಗಿಲ ಹಿಂದಿನ ಹಾಳೆಯಲ್ಲಿಯೂ ಬರೆದಿದ್ದೆ. ಬರೆದರೆ ಸಾಕೆಂದುಕೊಂಡಿದ್ದೆ.

ಅಂದು ಗುಡ್ ಫ್ರೈಡೇ, ಮೂರು ದಿನಗಳ ರಜೆಯ ಮೊದಲ ದಿನ. ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿಗೂ ಕೋಲ್ಕತ್ತ ತಂಡಕ್ಕೂ ಐಪಿಎಲ್ ಪಂದ್ಯವಿತ್ತು. ನಾಲ್ವರು ಯುವಕರು ಮೂರು ರಾತ್ರಿಗೆ ಬುಕ್ ಮಾಡಿ ಮಧ್ಯಾಹ್ನ ಬಂದರು. ಬುಕ್ ಮಾಡಿದ ಹುಡುಗ ನಮ್ಮವನೇ, ಚೆನ್ನಾಗಿ ಕನ್ನಡ ಮಾತನಾಡುವವನು. ನಾಲ್ಕು ಗಂಟೆಗೆ ಇನ್ನೊಂದು ಕಾರು ಬಂದು ನಿಂತು ಮೂವರು ಚೀಲಗಳೊಂದಿಗೆ ಇಳಿದಾಗ ನಾನು ಗೇಟಿನ ಬಳಿಯೇ ಇದ್ದೆ. “ಆಂಟಿ, ಇವ್ರು ನಮ್ ಫ್ರೆಂಡ್ಸು, ಟಿಕೆಟ್ ಇಸ್ಕೊಂಡು ಹೊರಟುಬಿಡ್ತಾರೆ” ಎಂದ. ಟಿಕೆಟ್ ತೆಗೆದುಕೊಂಡು ಹೋಗುವವರಿಗೆ ಬಟ್ಟೆಯ ಚೀಲವೇಕೆಂದು ನನಗೆ ಅನ್ನಿಸಿತು. ಆದರೂ ಬಾಯಿ ಬಿಡಲಿಲ್ಲ. “ಆಯ್ತಪ್ಪ” ಎಂದು ಒಳಗೆ ಹೋದೆ. ನಿಯಮ ಮುರಿದದ್ದು ಮಧ್ಯರಾತ್ರಿಯಲ್ಲ, ಆ ಕ್ಷಣದಲ್ಲಿ ಎಂದು ನಾನು ಈಗ ನಂಬಿದ್ದೇನೆ. ಏಳು ಜನರಿಗೆ ಸುಮ್ಮನಿದ್ದವಳು ಹದಿನಾಲ್ಕು ಜನರಿಗೂ ಸುಮ್ಮನಿರುತ್ತಾಳೆಂದು ಅವರು ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಪಂದ್ಯದಲ್ಲಿ ಆರ್‌ಸಿಬಿ 7 ವಿಕೆಟ್‌ಗಳಿಂದ ಸೋತಿತು. ಸೋತ ರಾತ್ರಿ ಬೇಗ ಮಲಗಿಯಾರೆಂದು ನಾನು ಭಾವಿಸಿದ್ದೆ. ಹನ್ನೆರಡೂವರೆಯ ಹೊತ್ತಿಗೆ ಮೂರು ಕಾರುಗಳು ಬಂದವು, ಒಂದು ಪಕ್ಕದ ಮನೆಯ ಗೇಟಿಗೆ ಅಡ್ಡವಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಹಾಡು ಶುರುವಾಗಿ, ನಮ್ಮ ಕೋಣೆಯ ಕಿಟಕಿಯ ಗಾಜು ಅದುರತೊಡಗಿತು. ಎಂಬತ್ತನಾಲ್ಕು ವರ್ಷದ, ಹೃದಯದ ಔಷಧಿ ತೆಗೆದುಕೊಳ್ಳುವ ಅತ್ತೆಯವರು ದೀಪ ಹಾಕಿಕೊಂಡು ಮಂಚದ ಮೇಲೆ ಎದ್ದು ಕುಳಿತಿದ್ದರು. ಫೋನ್ ಮಾಡಿದರೆ ಯಾರೂ ತೆಗೆಯಲಿಲ್ಲ. ನಾನೊಬ್ಬಳೇ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಬಾಗಿಲು ತೆರೆದವನನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಯಾರು ಬೇಕಿತ್ತು?” ಎಂದು ಕೇಳಿದ. ನಾವೇ ಕಟ್ಟಿಸಿದ ಮನೆಯ ಹೊಸ್ತಿಲಲ್ಲಿ ನಿಂತು ಆ ಪ್ರಶ್ನೆಗೆ ಉತ್ತರ ಹೇಳಬೇಕಾಗಿ ಬಂದಾಗ ನನ್ನ ಕಾಲು ನಡುಗಿತು. ದಯವಿಟ್ಟು ಯಾರೂ ಹೀಗೆ ಒಬ್ಬರೇ ಮೇಲೆ ಹೋಗಬೇಡಿ, ವಿಶೇಷವಾಗಿ ಒಳಗಿರುವವರು ಕುಡಿದಿರುವಾಗ.

ಕಡೆಗೆ 112ಕ್ಕೆ ಕರೆ ಮಾಡಿದವರು ಪಕ್ಕದ ಮನೆಯ ಮೇಷ್ಟ್ರು. ನಾನು ಮಾಡಬೇಕಾದ ಕೆಲಸವನ್ನು ಅವರು ಮಾಡಿದರು. ಪೊಲೀಸರ ಹೊಯ್ಸಳ ಗಸ್ತು ವಾಹನ ಬಂತು, ಹಾಡು ನಿಂತಿತು. ಪೊಲೀಸರೊಬ್ಬರು ನನ್ನನ್ನು ಕರೆದು, ಒಳಗೆ ಎಷ್ಟು ಜನರಿದ್ದಾರೆ, ಅವರ ಗುರುತಿನ ಚೀಟಿಗಳ ಪ್ರತಿ ಎಲ್ಲಿದೆ, ಅವರಲ್ಲಿ ವಿದೇಶದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ನನ್ನ ಬಳಿ ಇದ್ದದ್ದು ಬುಕ್ ಮಾಡಿದ ಹುಡುಗನ ಒಂದು ಚೀಟಿ ಮಾತ್ರ. ವಿದೇಶಿಯರು ಯಾರ ಮನೆಯಲ್ಲಿ ಇಳಿದುಕೊಂಡರೂ ಆ ಮನೆಯವರು 24 ಗಂಟೆಯೊಳಗೆ ಆ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್ ಮೂಲಕ ತಿಳಿಸಬೇಕು. ದೊಡ್ಡ ಹೋಟೆಲುಗಳಿಗೆ ಮಾತ್ರ ಇರುವ ನಿಯಮ ಇದಲ್ಲ. ಅಂದು ಹಾಗೆ ಯಾರೂ ಇರಲಿಲ್ಲವೆಂಬುದು ಆಮೇಲೆ ಗೊತ್ತಾಯಿತು, ಆದರೆ ಆ ಹೊತ್ತಿನಲ್ಲಿ ನಾನು ಇಲ್ಲವೆಂದು ಖಚಿತವಾಗಿ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಬೆಳಗಿನ ಜಾವ ಐದೂವರೆಗೆ ನೀರು ಸುರಿಯುವ ಸದ್ದಿಗೆ ಎಚ್ಚರವಾಯಿತು. ಆ ಮಾರ್ಚ್ ತಿಂಗಳು ಬೆಂಗಳೂರಿನಲ್ಲಿದ್ದವರಿಗೆ ನೀರಿನ ಪಾಡನ್ನು ನಾನು ವಿವರಿಸಬೇಕಾಗಿಲ್ಲ. ಬೋರ್‌ವೆಲ್‌ಗಳು ಬತ್ತಿದ್ದವು. ಕಾರು ತೊಳೆಯಲು, ಕೈತೋಟಕ್ಕೆ ಹಾಕಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಐದು ಕಿಲೋಮೀಟರ್ ಒಳಗಿನ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ ಎಂದು ಜಿಲ್ಲಾಡಳಿತ ದರ ಗೊತ್ತು ಮಾಡಿದ್ದರೂ ನಮಗೆ ಟ್ಯಾಂಕರ್ ಸಿಕ್ಕಿದ್ದು ನಾಲ್ಕು ದಿನ ಕಾದ ಮೇಲೆ, ಹಿಂದಿನ ದಿನವಷ್ಟೇ. ಹೊರಗೆ ಬಂದು ನೋಡಿದರೆ, ರಾತ್ರಿ ಕಾರಿನೊಳಗೆ ಯಾರೋ ವಾಂತಿ ಮಾಡಿಕೊಂಡಿದ್ದರಿಂದ, ಇಬ್ಬರು ಕೈತೋಟದ ಪೈಪನ್ನು ಎಳೆದುಕೊಂಡು ಕಾರಿನ ನಾಲ್ಕೂ ಬಾಗಿಲು ತೆರೆದು ತೊಳೆಯುತ್ತಿದ್ದರು. ನೀರು ಗೇಟಿನ ಕೆಳಗಿನಿಂದ ಹರಿದು ರಸ್ತೆಯ ತಿರುವಿನವರೆಗೂ ಹೋಗಿತ್ತು. ಸಂಪಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟಾಗ ತಳದಲ್ಲಿ, ಪಂಪಿಗೆ ನೀರೆಳೆಯುವ ಪೈಪಿನ ತುದಿಯ ಫುಟ್ ವಾಲ್ವ್ ಕಾಣುತ್ತಿತ್ತು. ದಂಡ ಬಿದ್ದಿದ್ದರೆ ಅದು ಬೀಳುತ್ತಿದ್ದದ್ದು ನಮ್ಮ ಮೇಲೆ, ಎರಡು ದಿನದಲ್ಲಿ ಊರು ಬಿಡುವ ಆ ಹುಡುಗರ ಮೇಲಲ್ಲ.

ಇವೆಲ್ಲವನ್ನೂ ನಾನು ಕಾಲಕ್ರಮದಲ್ಲಿ ಮರೆಯಬಲ್ಲೆ. ಮರೆಯಲಾಗದ್ದು ಕಸದ ಚೀಲ. ಏಳು ಗಂಟೆಗೆ ಆಟೊ ಟಿಪ್ಪರ್ ಬಂದಾಗ ಅವರಲ್ಲೊಬ್ಬ ದೊಡ್ಡ ಕಪ್ಪು ಚೀಲವೊಂದನ್ನು ತಂದು ಗೇಟಿನ ಹೊರಗಿಟ್ಟು ಹೋಗಿದ್ದ. ಬಿರಿಯಾನಿಯ ಉಳಿಕೆ, ಕಾಗದದ ಲೋಟ, ಒಡೆದ ಬಾಟಲಿ ಎಲ್ಲವೂ ಅದರಲ್ಲಿ ಒಟ್ಟಿಗಿದ್ದವು. ಹತ್ತು ವರ್ಷಗಳಿಂದ ನಮ್ಮ ರಸ್ತೆಗೆ ಬರುವ ಪೌರಕಾರ್ಮಿಕ ಮಹಿಳೆ, ನಮ್ಮ ಮನೆಯ ಕಸ ಯಾವಾಗಲೂ ಬೇರ್ಪಟ್ಟಿರುತ್ತದೆಂಬ ನಂಬಿಕೆಯಿಂದ, ಚೀಲದ ತಳಕ್ಕೆ ಕೈ ಕೊಟ್ಟು ಎತ್ತಿದರು. ಗಾಜು ಅಂಗೈಯಲ್ಲಿ ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತು. ಸೆರಗನ್ನು ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತ ಅವರನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಮೂರು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್. “ಅಮ್ಮಾ, ನಿಮ್ಮನೆ ಚೀಲ ಅಂತ ನೋಡ್ಲೇ ಇಲ್ಲ” ಎಂದರು. ಅವರು ಹಾಜರಾಗದಿದ್ದ ದಿನಗಳ ಕೂಲಿಯನ್ನು ನಾನು ಕೊಟ್ಟೆ. ಅದರಿಂದ ಆ ಮಾತಿನ ಭಾರ ಇಳಿಯಲಿಲ್ಲ.

ಖಾಲಿ ಮಾಡಿ ಎಂದಾಗ ಬುಕ್ ಮಾಡಿದ ಹುಡುಗ, ಮೂರು ರಾತ್ರಿಗೆ ದುಡ್ಡು ಕಟ್ಟಿರುವುದರಿಂದ ಎಬ್ಬಿಸುವ ಹಕ್ಕು ನನಗಿಲ್ಲವೆಂದೂ, ಹೆಚ್ಚು ಮಾತನಾಡಿದರೆ ಕೆಟ್ಟ ರಿವ್ಯೂ ಹಾಕುತ್ತೇನೆಂದೂ ಹೇಳಿದ. ಪರಿಚಯದ ವಕೀಲರನ್ನು ಕೇಳಿದಾಗ ಅವರು ತಿಳಿಸಿದ್ದು ಇಷ್ಟು: ಇಂಥ ಕೆಲವು ದಿನಗಳ ವಾಸ ಸಾಮಾನ್ಯವಾಗಿ ಬಾಡಿಗೆದಾರಿಕೆಯಲ್ಲ, 1882ರ ಈಸ್‌ಮೆಂಟ್ ಕಾಯ್ದೆಯ 52ನೇ ಸೆಕ್ಷನ್ ಹೇಳುವ ‘ಲೈಸೆನ್ಸ್’, ಅಂದರೆ ಇರಲು ಕೊಟ್ಟ ಅನುಮತಿ, ಷರತ್ತು ಮುರಿದರೆ ಅನುಮತಿ ಹಿಂಪಡೆಯಬಹುದು, ಆದರೆ ಆ ಷರತ್ತುಗಳು ಬರಹದಲ್ಲಿದ್ದರೆ ಒಳ್ಳೆಯದು, ಮತ್ತು ಹೊರಗೆ ಕಳುಹಿಸಲು ಬಲಪ್ರಯೋಗ ಮಾಡದೆ ಪೊಲೀಸರ ನೆರವು ಪಡೆಯಬೇಕು. ವಿಷಯವನ್ನು ಆ್ಯಪ್‌ನ ಸಂದೇಶದಲ್ಲಿ ಬರೆದು, ಮೇಷ್ಟ್ರನ್ನು ಜೊತೆಯಲ್ಲಿ ನಿಲ್ಲಿಸಿಕೊಂಡು ಮತ್ತೊಮ್ಮೆ ಹೇಳಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಅವರು ಹೊರಟರು. ರಿವ್ಯೂ ಹಾಕಿದರು ಕೂಡ.

ಇನ್ನೊಂದು ತಪ್ಪನ್ನು ನಾನೇ ಮಾಡಿದೆ. ಮುರಿದ ಕುರ್ಚಿ, ಸಿಗರೇಟಿನಿಂದ ಸುಟ್ಟ ಹಾಸಿಗೆ, ಕಿತ್ತುಬಂದ ಬಚ್ಚಲಿನ ನಲ್ಲಿ ಇವುಗಳ ಫೋಟೊ ತೆಗೆಯುವ ಮೊದಲೇ ಗುಡಿಸಿ, ತೊಳೆದು, ಹಾಸಿಗೆಯನ್ನು ಹೊರಗೆ ಹಾಕಿಬಿಟ್ಟಿದ್ದೆ. ಮನೆ ಆ ಸ್ಥಿತಿಯಲ್ಲಿರುವುದನ್ನು ಒಂದು ಗಂಟೆಯೂ ನೋಡಲು ನನ್ನಿಂದ ಆಗಲಿಲ್ಲ. ಪರಿಹಾರ ಕೇಳಿದಾಗ, ಅತಿಥಿಗಳು ಬರುವ ಮೊದಲಿನ ಮತ್ತು ಹೋದ ನಂತರದ ಚಿತ್ರಗಳಿಲ್ಲದೆ ಏನೂ ಮಾಡಲಾಗದೆಂದು ಆ್ಯಪ್‌ನವರು ಉತ್ತರಿಸಿದರು. ಸುಮಾರು 18,000 ರೂಪಾಯಿ ಕೈಬಿಟ್ಟಿತು.

ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಬೀಗದ ಕೈಯನ್ನು ಪೆಟ್ಟಿಗೆಯಲ್ಲಿಟ್ಟು ಅದನ್ನು ತೆರೆಯುವ ಸಂಖ್ಯೆ ಕಳುಹಿಸುವ ಸೌಕರ್ಯಕ್ಕೆ ಮರುಳಾಗದೆ, ಎದುರಿಗೆ ನಿಂತು, ತಲೆ ಎಣಿಸಿ, ಪ್ರತಿಯೊಬ್ಬ ವಯಸ್ಕರ ಗುರುತಿನ ಚೀಟಿ ನೋಡಿದ ನಂತರವೇ ಕೈಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಆಧಾರ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮರೆಮಾಚಿದ ಪ್ರತಿ ಸಿಗುತ್ತದೆ, ಅದೇ ಸಾಕು. ಇನ್ನೊಬ್ಬರ ಪೂರ್ಣ ಆಧಾರ್ ನಮ್ಮ ಫೋನಿನಲ್ಲಿ ಕೂಡಿಬೀಳುವುದು ಒಳ್ಳೆಯದಲ್ಲ. ಅವರ ಜೊತೆಯಲ್ಲೇ ಕೋಣೆಗಳನ್ನು ಸುತ್ತುತ್ತಾ ಎರಡು ನಿಮಿಷದ ವಿಡಿಯೊ ಮಾಡಿ, ಹೊರಡುವ ದಿನ ಇನ್ನೊಮ್ಮೆ ಮಾಡಿ. ಮಾತುಕತೆ ಫೋನಿನಲ್ಲಿ ನಡೆದರೂ ಅದರ ಸಾರವನ್ನು ಆ್ಯಪ್‌ನ ಸಂದೇಶದಲ್ಲಿ ಬರೆದಿಡಿ. ಬೆಂಗಳೂರಿನದೇ ವಿಳಾಸವಿರುವವರು ಶನಿವಾರದ ಒಂದು ರಾತ್ರಿಗೆ ಮನೆ ಕೇಳಿದರೆ ಕಾರಣ ವಿಚಾರಿಸಿ. ಬಂಧುಗಳ ಮದುವೆಯೂ ಇರಬಹುದು, ಆದರೆ ಕೇಳುವುದರಲ್ಲಿ ತಪ್ಪಿಲ್ಲ.

ಕ್ಯಾಮೆರಾ ಹಾಕುವುದಾದರೆ ಗೇಟಿಗೆ ಮಾತ್ರ, ಅದೂ ಮೊದಲೇ ತಿಳಿಸಿ. ಮನೆಯೊಳಗೆ ಕ್ಯಾಮೆರಾ ಬಚ್ಚಿಡುವುದು ಅತಿಥಿಗಳು ನಮಗೆ ಮಾಡುವುದಕ್ಕಿಂತ ದೊಡ್ಡ ದ್ರೋಹ. ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ಸೆರೆಹಿಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ನಿನಡಿ ಮೂರು ವರ್ಷಗಳವರೆಗೆ ಜೈಲು ಶಿಕ್ಷೆಯಾಗಬಹುದು. ಗೃಹಜ್ಯೋತಿಯ ಉಚಿತ ವಿದ್ಯುತ್ ಗೃಹಬಳಕೆಗೆ ಮಾತ್ರ ಇರುವುದರಿಂದ, ಮಹಡಿಯ ಮೀಟರಿನ ವಿಷಯವನ್ನು ಮೊದಲೇ ಬೆಸ್ಕಾಂ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಅಕ್ಕಪಕ್ಕದವರಿಗೆ ನಿಮ್ಮ ನಂಬರು ಕೊಟ್ಟು, ತೊಂದರೆಯಾದರೆ ಎಷ್ಟೊತ್ತಿಗಾದರೂ ಕರೆ ಮಾಡಿ ಎಂದು ಬಾಯಿಬಿಟ್ಟು ಹೇಳಿ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಶಬ್ದದ ಮಿತಿ 45 ಡೆಸಿಬಲ್ ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ನಿಮ್ಮ ನಿಯಮದ ಹಾಳೆಯಲ್ಲಿ ಅದನ್ನೂ ಬರೆದರೆ, ಇದು ಮನೆಯೊಡತಿಯ ಮರ್ಜಿಯೆಂದು ಯಾರೂ ತಳ್ಳಿಹಾಕಲಾರರು.

ಕೈತೋಟದ ನಲ್ಲಿಗೆ ನಾನು ಬೀಗ ಹಾಕಿಸಿದ್ದೇನೆ. ಎಂಟು ತಿಂಗಳು ಮಹಡಿಯನ್ನು ಯಾರಿಗೂ ಕೊಡದಿದ್ದು, ಆಮೇಲೆ ಮತ್ತೆ ಶುರು ಮಾಡಿದಾಗ ಮೊದಲು ಬಂದದ್ದು ಚಿಕ್ಕಮಗಳೂರಿನ ಕಡೆಯ ಒಂದು ಕುಟುಂಬ. ನಾಲ್ವರೆಂದು ಬುಕ್ ಮಾಡಿ ಆರು ಮಂದಿ ಇಳಿದರು. ಅಜ್ಜನನ್ನು ಜಯದೇವಕ್ಕೆ ತೋರಿಸಬೇಕಾಗಿತ್ತು, ಕೊನೆಯ ಗಳಿಗೆಯಲ್ಲಿ ಇಬ್ಬರು ಮಕ್ಕಳೂ ಜೊತೆಗೆ ಹೊರಟಿದ್ದರು. ಅಜ್ಜನನ್ನು ನಮ್ಮ ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಉಳಿದಿಬ್ಬರ ಹೆಸರು ಬುಕಿಂಗ್‌ಗೆ ಸೇರುವವರೆಗೆ ಬೀಗದ ಕೈಯನ್ನು ನನ್ನ ಕೈಯಲ್ಲೇ ಇಟ್ಟುಕೊಂಡಿದ್ದೆ. ಹತ್ತು ನಿಮಿಷ ಹಿಡಿಯಿತು, ಯಾರೂ ಬೇಸರಿಸಿಕೊಳ್ಳಲಿಲ್ಲ.