ಮಗಳ ದುಡ್ಡಿಗೆ ಜಾಗ, ಮಗನ ದುಡ್ಡಿಗೆ ರೀಟ್: ಎರಡೂ ಮಾಡಿ ನೋಡಿದ ಮೇಲೆ

ನಾವಿರುವುದು ಟೆಕ್ಸಸ್‌ನಲ್ಲಿ. ಅಜ್ಜಿ ತಾತ ಕೊಟ್ಟಿದ್ದು, ಹುಟ್ಟುಹಬ್ಬಕ್ಕೆ ಬಂದಿದ್ದು ಎಲ್ಲ ಸೇರಿಸಿ ಇಬ್ಬರು ಮಕ್ಕಳಿಗೂ ಒಂದೊಂದು ಯುಟಿಎಂಎ ಖಾತೆ, ಅಂದರೆ ಚಿಕ್ಕ ಮಕ್ಕಳ ಹೆಸರಿಗೆ ಆಸ್ತಿ ಇಡುವ ಅಮೆರಿಕದ ಕಾಯ್ದೆಯಡಿಯ ಖಾತೆ, ತೆರೆದಿದ್ದೆವು. ಅದರಲ್ಲಿ ಹಾಕಿದ ದುಡ್ಡು ಮಗುವಿನದೇ, ವಾಪಸ್ ತೆಗೆಯುವ ಹಾಗಿಲ್ಲ. ಇಲ್ಲಿ ಮಗುವಿಗೆ 21 ತುಂಬುವವರೆಗೆ ನಾವು ನೋಡಿಕೊಳ್ಳುವವರು (ಕಸ್ಟೋಡಿಯನ್), ಅಷ್ಟೇ.

ಮಣ್ಣಿಗೆ ಹಾಕಿದ ದುಡ್ಡು ಎಲ್ಲೂ ಹೋಗಲ್ಲ ಅಂತ ನಮ್ಮ ಮಾವ ಹೇಳುತ್ತಲೇ ಇದ್ದರು. ಹಾಗಾಗಿ 2021ರಲ್ಲಿ ಮಗಳ ದುಡ್ಡಿಗೆ ಊರಾಚೆ ಒಂದು ಖಾಲಿ ಜಾಗ ತಗೊಂಡೆವು. ಮಗನದು ಕಡಿಮೆ ಇತ್ತು, ಅದನ್ನು ರೀಟ್‌ಗಳ, ಅಂದರೆ ಬಾಡಿಗೆ ಬರುವ ಕಟ್ಟಡ, ಜಾಗ ಇಟ್ಟುಕೊಂಡು ಶೇರು ಮಾರುವ ಕಂಪನಿಗಳ, ಫಂಡ್ ಆದ ವ್ಯಾನ್‌ಗಾರ್ಡ್ ವಿಎನ್‌ಕ್ಯೂಗೆ ಹಾಕಿದೆವು.

ಜಾಗದ್ದು ಮೊದಲ ದಿನದಿಂದಲೇ ಓಡಾಟ. ಚಿಕ್ಕ ಮಗುವಿಗೆ ಬ್ಯಾಂಕ್ ಸಾಲ ಕೊಡಲ್ಲ, ಪೂರ್ತಿ ನಗದು ಬೇಕು. ಪತ್ರದಲ್ಲಿ ನನ್ನ ಹೆಸರು, ‘ಇಂಥ ಮಗುವಿನ ಕಸ್ಟೋಡಿಯನ್, ಟೆಕ್ಸಸ್ ಯುಟಿಎಂಎ ಕಾಯ್ದೆಯಡಿ’ ಅಂತಲೇ ಬರಬೇಕು; ಕಾಗದ ಮಾಡಿದವರು ಸುಮ್ನೆ ಮಗಳ ಹೆಸರು ಬರೆದುಬಿಟ್ಟಿದ್ದರು, ಮತ್ತೆ ಮಾಡಿಸಬೇಕಾಯಿತು. ಆಮೇಲೆ ಆಸ್ತಿ ತೆರಿಗೆ. ಪ್ರತಿ ವರ್ಷ ಜನವರಿ 31ರೊಳಗೆ ಕಟ್ಟಬೇಕು, ಖಾಲಿ ಜಾಗದಿಂದ ಒಂದು ಡಾಲರ್ ಬಾಡಿಗೆಯೂ ಇಲ್ಲ, ಖಾತೆಯಲ್ಲಿ ಉಳಿದಿದ್ದ ಚಿಲ್ಲರೆ ಮೂರನೇ ವರ್ಷಕ್ಕೇ ಖಾಲಿ. ಈಗ ನಮ್ಮ ಜೇಬಿನಿಂದ ಹೋಗುತ್ತಿದೆ. ಹಲ್ಲಿಗೆ ತಂತಿ ಕಟ್ಟಿಸಲು ದುಡ್ಡು ಬೇಕಾದಾಗ ಜಾಗದ ಒಂದು ಮೂಲೆ ಮಾತ್ರ ಮಾರಲು ಆಗುತ್ತದಾ?

ರೀಟ್‌ಗೆ ಹತ್ತು ನಿಮಿಷ ಸಾಕಾಯಿತು. ತೆರಿಗೆ ಬೀಳುವ ಆದಾಯದಲ್ಲಿ ಕನಿಷ್ಠ 90% ಹಂಚಬೇಕು ಅನ್ನುವುದು ರೀಟ್‌ಗಳಿಗಿರುವ ನಿಯಮ, ಆದ್ದರಿಂದ ಮೂರು ತಿಂಗಳಿಗೊಮ್ಮೆ ಡಿವಿಡೆಂಡ್ ಬರುತ್ತದೆ. ಆದರೆ 2022ರಲ್ಲಿ ಬಡ್ಡಿದರ ಏರಿದಾಗ ಕಾಲು ಭಾಗಕ್ಕಿಂತ ಜಾಸ್ತಿ ಕರಗಿತು, ಮಗನ ದುಡ್ಡು ಅಲ್ವಾ, ನಿದ್ದೆ ಬರಲಿಲ್ಲ. ಆದರೂ ಮಾರಲಿಲ್ಲ. ಈ ಡಿವಿಡೆಂಡ್‌ನ ಬಹುಪಾಲಿಗೆ ಕಡಿಮೆ ತೆರಿಗೆ ದರ ಸಿಗಲ್ಲ. 2025ರಲ್ಲಿ ಮಗುವಿನ ಇಂಥ ಆದಾಯ 2,700 ಡಾಲರ್ ದಾಟಿದರೆ ಅದರ ಮೇಲಿನದಕ್ಕೆ ಅಪ್ಪ ಅಮ್ಮನ ದರವೇ. ನಮ್ಮ ಮಗನದು ಅದರ ಹತ್ತಿರಕ್ಕೂ ಬಂದಿಲ್ಲ.

ಮೈಸೂರಲ್ಲಿ ಸೈಟ್ ತಗೊಳ್ಳಿ ಅಂತ ಭಾವನೂ ಹೇಳಿದ್ದರು. ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇರುವ ಮಕ್ಕಳಿಗೆ ಸೈಟ್ ಸರಿ, ಹೊಲ, ತೋಟ ಕೊಳ್ಳುವ ಹಾಗಿಲ್ಲ. ಅದಕ್ಕಿಂತ ದೊಡ್ಡ ತೊಡಕು ಮಾರುವಾಗ: 1956ರ ಕಾನೂನಿನಂತೆ ಹಿಂದೂ ಮೈನರ್ ಮಗುವಿನ ಆಸ್ತಿ ಮಾರಲು ಹೆತ್ತವರಿಗೂ ಮೊದಲೇ ಕೋರ್ಟಿನ ಅನುಮತಿ ಬೇಕು. ಟೆಕ್ಸಸ್‌ನಲ್ಲಿ ಕಸ್ಟೋಡಿಯನ್ ತಾನೇ ಮಾರಬಹುದು, ದುಡ್ಡು ಮಗುವಿನ ಖಾತೆಗೇ ಹೋಗಬೇಕು ಅಷ್ಟೆ. ಆ ಮಾತು ಅಲ್ಲಿಗೆ ಬಿಟ್ಟೆವು.

ಕಾಲೇಜಿನ ಸಹಾಯಧನದ ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ ಪೆಟ್ಟು: ಮಗುವಿನ ಹೆಸರಿನ ಆಸ್ತಿಯಲ್ಲಿ 20% ಖರ್ಚಿಗೆ ಇದೆ ಅಂತ ಎಣಿಸುತ್ತಾರೆ, ಹೆತ್ತವರದ್ದಾದರೆ ಹೆಚ್ಚೆಂದರೆ 5.64%. ಮಗಳಿಗೆ ಈಗ 15. ಅವಳನ್ನೂ ಕೂರಿಸಿಕೊಂಡು ಮಾತಾಡಿದೆವು. ಬರುವ ವಸಂತದಲ್ಲಿ ಜಾಗ ಮಾರಾಟಕ್ಕೆ ಇಡುತ್ತಿದ್ದೇವೆ, ಬಂದ ದುಡ್ಡು ಅವಳ ಖಾತೆಗೆ, ಅರ್ಧ ರೀಟ್‌ಗೆ, ಇನ್ನರ್ಧ ಕಾಲೇಜಿಗೆ ಅಂತ ಮುಟ್ಟದೆ ಇಡುವುದು.